ಅಪ್ಪನ ಮಟ್ಟಿ, ಮಗಳ ಮ್ಯಾಟು

ನನ್ನ ಅಪ್ಪ ಪೈಲ್ವಾನ. ನನ್ನ ಮಗಳೂ ಪೈಲ್ವಾನಳೇ. ಇಬ್ಬರ ನಡುವೆ ನಾನೊಬ್ಬಳು, ಯಳಂದೂರಿನ ಪ್ರೈಮರಿ ಸ್ಕೂಲಿನಲ್ಲಿ ಮಗ್ಗಿ ಹೇಳಿಕೊಡುವವಳು. ಬೆಳಿಗ್ಗೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಬಂದು ನಿಂತರೆ ಸಾಕು, ಟೀ ಅಂಗಡಿಯ ಬೆಂಚಿನಿಂದ ಯಾರಾದರೊಬ್ಬರು ಬಾಯಿ ಹಾಕುತ್ತಿದ್ದರು.

"ಟೀಚರಮ್ಮಾ, ನಿಮ್ಮಪ್ಪನ್ಗೂ ನಿಮ್ ಮಗಳ್ಗೂ ಜೋಡಿ ಕಟ್ಟುದ್ರೆ ಯಾರ್ ಗೆದ್ದಾರು? ನೀವೇ ಏಳಿ."

"ಇಬ್ರೂ ಸೇರ್ಕಂಡು ನಿನ್ನ ಎತ್ತಿ ಮೋರಿಗಾಕ್ತಾರೆ. ಟೀ ಕುಡ್ದು ಕೆಲ್ಸ ನೋಡ್ಕ ಓಗು," ಅನ್ನುತ್ತಿದ್ದೆ.

ಅವರು ನಗುತ್ತಿದ್ದರು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಒಬ್ಬನಿಗೆ ಎಪ್ಪತ್ತು ದಾಟಿದೆ, ಇನ್ನೊಬ್ಬಳಿಗೆ ಇಪ್ಪತ್ತು ತುಂಬಿಲ್ಲ. ಅವನು ಕ್ವಿಂಟಲ್ ಆಳು, ಇವಳು ಐವತ್ತು ಕೆಜಿ ವಿಭಾಗದವಳು. ಯಾವ ಲೆಕ್ಕದಲ್ಲಿ ಹೋಲಿಸುವುದು ಇವರನ್ನು? ಆದರೆ ನಿಜ ಹೇಳಬೇಕೆಂದರೆ, ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ಯಳಂದೂರು ಬರುವವರೆಗೂ ನಾನೂ ಅದನ್ನೇ ಯೋಚಿಸುತ್ತಿದ್ದೆ.

ಜೋಡಿ ಕಟ್ಟುವುದು ಎಂದರೆ ಗರಡಿಯವರ ಮಾತು. ಅಪ್ಪನ ಕಾಲದ ಕುಸ್ತಿಗೆ ತಕ್ಕಡಿ ಇರಲಿಲ್ಲ. ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ, ಹಿರಿಯರು ಅವರ ತೊಡೆ, ರಟ್ಟೆ, ಕತ್ತು ಮುಟ್ಟಿ ನೋಡಿ, ಇವನಿಗೆ ಇವನು ಸರಿ ಎಂದು ಒಪ್ಪಿಸಿಬಿಟ್ಟರೆ ಅದೇ ಜೋಡಿ. ಆಮೇಲೆ ಒಬ್ಬನ ಬೆನ್ನು ಮಣ್ಣಿಗೆ ತಾಗುವ ತನಕ ಬಿಡುವಂತಿಲ್ಲ. ಹೊತ್ತು ಗೊತ್ತು ಒಂದೂ ಇಲ್ಲ. ನೋಡುವವರು ಊಟ ಮಾಡಿಕೊಂಡು ಬಂದರೂ ಅವರಿಬ್ಬರು ಇನ್ನೂ ತಲೆಗೆ ತಲೆ ಕೊಟ್ಟುಕೊಂಡು ನಿಂತೇ ಇರುತ್ತಿದ್ದರಂತೆ.

ಅಪ್ಪ ರೇಷ್ಮೆ ಮಗ್ಗದವನು. ಹಗಲೆಲ್ಲಾ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಸೀರೆ ನೇಯುತ್ತಿದ್ದ. ಅಷ್ಟು ದಪ್ಪ ಬೆರಳುಗಳು ಅಷ್ಟು ಸಣ್ಣ ಎಳೆಯನ್ನು ಹೇಗೆ ಗಂಟು ಹಾಕುತ್ತಿದ್ದವೋ, ನನಗಿವತ್ತಿಗೂ ತಿಳಿಯದು. ಬೆಳಗಿನ ಜಾವ ಮತ್ತು ಸಂಜೆ ಗರಡಿ. ಗರಡಿ ನಮ್ಮ ಬೀದಿಯ ತುದಿಯಲ್ಲೇ ಇತ್ತು, ಆದರೆ ಹೆಣ್ಣುಮಕ್ಕಳು ಅದರ ಹೊಸ್ತಿಲು ತುಳಿಯುವಂತಿರಲಿಲ್ಲ. ಅಪ್ಪನಿಗೆ ಹಾಲಿನ ಚೊಂಬು ಕೊಡಲು ಹೋದರೆ ಹೊರಗೇ ನಿಂತು ಕೂಗಬೇಕು. ಒಳಗಿನಿಂದ ತೊಡೆ ತಟ್ಟುವ ಸದ್ದು, ಎಣ್ಣೆ ಅರಿಸಿನ ಬೆರೆಸಿದ ಕೆಮ್ಮಣ್ಣಿನ ವಾಸನೆ, ಇಷ್ಟೇ ನನ್ನ ಪಾಲಿಗೆ ಬಂದ ಗರಡಿ. ಆ ಮಣ್ಣಿಗೆ ಅವರು ಮಟ್ಟಿ ಅನ್ನುತ್ತಿದ್ದರು. ಮಣ್ಣು ಅಂದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು.

ಅಪ್ಪ ಅಖಾಡಕ್ಕಿಳಿದದ್ದನ್ನು ನಾನು ಕಣ್ಣಾರೆ ಕಂಡದ್ದು ಹನೂರಿನಲ್ಲಿ, ಚಿಕ್ಕವಳಿದ್ದಾಗ, ಜನದ ಹಿಂದೆ ಒಂದು ಎತ್ತಿನ ಗಾಡಿಯ ಮೇಲೆ ಹತ್ತಿ ನಿಂತು. ಎಷ್ಟು ಬೇಜಾರಿನ ಕುಸ್ತಿ ಅಂತೀರಿ! ಎದುರಿನವನ ಕತ್ತಿನ ಮೇಲೆ ಕೈ ಹಾಕಿ, ಮೈಭಾರವನ್ನೆಲ್ಲಾ ಅವನ ಮೇಲೆ ಬಿಟ್ಟು ಸುಮ್ಮನೆ ನಿಂತುಬಿಡುವುದು. ಅವನು ಸರಿದರೆ ಇವನೂ ಸರಿಯುವುದು. ಕೊನೆಗೆ ಅವನು ತಾಳಲಾರದೆ ಸೊಂಟ ಹಿಡಿಯಲು ಕೈ ಒಳಗೆ ತೂರಿಸುತ್ತಾನೆ ನೋಡಿ, ಆಗ ಅಪ್ಪ ಆ ತೋಳನ್ನು ತನ್ನ ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೊಣಕೈ ಮೇಲೆ ಭಾರ ಹಾಕಿ ಬಿಗಿಯುತ್ತಿದ್ದ. ಗರಡಿಯವರು ಅದಕ್ಕೆ ಬೀಗ ಅನ್ನುತ್ತಿದ್ದರು. ಬೀಗ ಬಿತ್ತು ಅಂದರೆ ಮುಗಿಯಿತು. ಎದುರಿನವನು ತಾನಾಗಿಯೇ ಬೆನ್ನು ಕೊಟ್ಟು ಮಲಗಬೇಕು, ಇಲ್ಲವೇ ಕೈ ಮುರಿಸಿಕೊಳ್ಳಬೇಕು.

ಮಗಳ ಕುಸ್ತಿ ಬೇರೆಯದೇ ಲೋಕ. ನಾನು ಗಂಡ ತೀರಿಕೊಂಡ ಮೇಲೆ ಕೂಸನ್ನು ಎತ್ತಿಕೊಂಡು ಅಪ್ಪನ ಮನೆಗೇ ವಾಪಸು ಬಂದವಳು. ಅವ್ವ ಆಗಲೇ ಇರಲಿಲ್ಲ. ಮಗಳನ್ನು ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದ ದಿನಾ ಯಳಂದೂರಿಗೆ ನನ್ನ ಜೊತೆಗೇ ಕರೆದೊಯ್ಯುತ್ತಿದ್ದೆ. ಅಲ್ಲಿನ ಹೈಸ್ಕೂಲಿನ ಪಿ.ಟಿ. ಮೇಷ್ಟರು ಒಂದು ಹಳೆಯ ಭತ್ತದ ಗೋಡೌನಿನಲ್ಲಿ ಮ್ಯಾಟು ಹಾಸಿ ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುತ್ತಿದ್ದರು. ಹೊನ್ನೂರು ಕಡೆಯಿಂದಲೂ ನಾಲ್ಕಾರು ಹುಡುಗಿಯರು ಆಟೋದಲ್ಲಿ ಬರುತ್ತಿದ್ದರು. ಸಂಜೆ ಬಸ್ಸಿಗೆ ಹೊತ್ತಿದ್ದಾಗ ನಮ್ಮವಳೂ ಹೋಗಿ ಉರುಳಾಡಲು ಶುರು ಮಾಡಿದಳು. ಅಲ್ಲಿಂದ ಅವಳನ್ನು ಬಿಡಿಸಿ ತರಲು ನನ್ನಪ್ಪನಾಣೆಗೂ ಆಗಲಿಲ್ಲ.

ಅವಳು ನಿಂತ ಕಡೆ ನಿಲ್ಲುವುದಿಲ್ಲ. ಎದುರಿನವಳು ಉಸಿರು ಬಿಡುವ ಹೊತ್ತು ನೋಡಿಕೊಂಡು ಕಾಲಿಗೆ ನುಗ್ಗುತ್ತಾಳೆ, ಇಲ್ಲವೇ ಸೊಂಟಕ್ಕೆ ಕೈ ಸುತ್ತಿ ಎತ್ತಿ ತಿರುಗಿಸಿ ಹಾಕುತ್ತಾಳೆ. ಕಣ್ಣು ಮಿಟುಕಿಸಿದರೆ ನೋಡುವವರಿಗೆ ತಪ್ಪಿಹೋಗುತ್ತದೆ. ಆರು ನಿಮಿಷದ ಆಟ, ಅದಕ್ಕೆ ಪಾಯಿಂಟು, ವಿಸಿಲ್ಲು. ಅದಕ್ಕೂ ಮೊದಲು ತೂಕ. ತೂಕ ಎಂಬುದು ನಮ್ಮ ಮನೆಗೆ ಶನಿಯಾಗಿ ಬಂದು ಕೂತಿತ್ತು. ಪಂದ್ಯಕ್ಕೆ ಎರಡು ದಿನ ಇದೆ ಅನ್ನುವಾಗ ಅವಳು ನೀರು ಬಿಡುತ್ತಿದ್ದಳು. ಮೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು, ಅದರ ಮೇಲೆ ಸ್ವೆಟರು ಹಾಕಿ ರಣಬಿಸಿಲಲ್ಲಿ ಓಡುತ್ತಿದ್ದಳು. ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು ಒಂದು ಡಬ್ಬಕ್ಕೆ ಉಗಿಯುತ್ತಿದ್ದಳು, ಆ ಎಂಜಲೂ ಮೈಯಿಂದ ಕಮ್ಮಿಯಾಗಲಿ ಅಂತ. ಒಮ್ಮೆ ಹತ್ತಿಪ್ಪತ್ತು ಗ್ರಾಂ ಜಾಸ್ತಿ ಬಂತೆಂದು ಅಲ್ಲೇ ಜಡೆ ಕತ್ತರಿಸಿಕೊಂಡು ಬಂದಳು. ಹೆತ್ತ ಹೊಟ್ಟೆ ಹೇಗೆ ತಡೆಯುತ್ತದೆ? ಬೈದೆ, ಅತ್ತೆ, ತಿಂಡಿ ತಟ್ಟೆ ಎತ್ತಿ ಬಿಸಾಕಿದೆ.

ಅಪ್ಪ ಇದನ್ನೆಲ್ಲ ಜಗಲಿಯ ಮೇಲೆ ಕೂತು ನೋಡಿ ನಗುತ್ತಿದ್ದ.

"ಉಪ್ವಾಸ ಬಿದ್ದು ಕುಸ್ತಿ ಆಡ್ತರಾ ಮಗ? ನಾವು ತಿಂದ್ಕಂಡು ಆಡ್ತಿದ್ದೋ ಕಣವ್ವ."

"ನಿಮ್ದು ಕುಸ್ತಿ ಅಲ್ಲ ತಾತ, ನಿಂತ್ಕೊಂಡು ನಿದ್ದೆ ಮಾಡೋದು," ಅನ್ನುತ್ತಿದ್ದಳು ಮಗಳು.

"ನಿಂದು? ಆಸ್ಗೆ ಮೇಲೆ ಬೀಳದು! ಬಿದ್ರೂ ನೋಯಾದಿಲ್ಲ. ನೋಯ್ದೆ ಇದ್ರೆ ಅದ್ಯಾವ್ ಕುಸ್ತಿ?"

ತಮಾಷೆಯಂತೆ ಕೇಳಿಸುತ್ತಿತ್ತು, ಆದರೆ ಅಪ್ಪನಿಗೆ ಅದು ತಮಾಷೆಯಾಗಿರಲಿಲ್ಲ. ಅವಳ ಒಂದು ಪಂದ್ಯಕ್ಕೂ ಅವನು ಬರಲಿಲ್ಲ. ಮೊಬೈಲಿನಲ್ಲಿ ತೋರಿಸಲು ಹೋದರೆ ಕನ್ನಡಕ ಇಲ್ಲ ಅನ್ನುತ್ತಿದ್ದ, ಕನ್ನಡಕ ಹಣೆಯ ಮೇಲೇ ಇರುತ್ತಿತ್ತು. ಅವಳು ಗೆದ್ದು ಬಂದ ಪದಕವನ್ನು ಕೈಯಲ್ಲಿ ಹಿಡಿದು, ಇದನ್ನು ಕರಗಿಸಿದರೆ ಒಂದು ಸೌಟೂ ಆಗುವುದಿಲ್ಲ ಎಂದು ಹೇಳಿ ವಾಪಸು ಕೊಟ್ಟಿದ್ದ. ಮಗಳು ನಗುತ್ತಲೇ ಒಳಗೆ ಹೋಗಿ ಹಿತ್ತಲಲ್ಲಿ ನಿಂತು ಅತ್ತಳು. ಲೋಕದವರೆಲ್ಲ ಭೇಷ್ ಅಂದರೂ ಅವಳಿಗೆ ಬೇಕಾಗಿದ್ದದ್ದು ಇವನೊಬ್ಬನ ಬಾಯಿಂದ. ಅದೇ ಬರಲಿಲ್ಲ.

ನನ್ನನ್ನು ಕೇಳಿದರೆ, ಟೀ ಅಂಗಡಿಯವರು ನೋಡಿದ್ದು ಬರೀ ತೂಕವನ್ನು. ಅಪ್ಪನ ದೊಡ್ಡಸ್ತಿಕೆ ಅವನ ಭಾರದಲ್ಲಿ ಇರಲಿಲ್ಲ, ತಾಳ್ಮೆಯಲ್ಲಿತ್ತು. ಎದುರಿನವನಿಗೆ ಸಿಟ್ಟು ಬರುವವರೆಗೂ ಕಾಯುವ ತಾಳ್ಮೆ. ಮಗಳಿಗೆ ಅದು ಒಂದು ಚಿಟಿಕೆಯೂ ಇಲ್ಲ. ಅವಳಿಗಿದ್ದದ್ದು ಇನ್ನೊಂದು: ತನ್ನ ಮೈ ಎಲ್ಲಿದೆ, ಎದುರಿನವಳ ಮೈ ಎಲ್ಲಿದೆ ಎಂಬುದು ಕಣ್ಣು ಮುಚ್ಚಿದರೂ ಅವಳಿಗೆ ಗೊತ್ತಾಗುತ್ತಿತ್ತು. ತಲೆಕೆಳಗಾಗಿ ಬೀಳುವಾಗಲೂ ಬೆಕ್ಕಿನ ಹಾಗೆ ತಿರುಗಿಕೊಳ್ಳುತ್ತಿದ್ದಳು. ಅಪ್ಪ ಬಿದ್ದರೆ ಮರ ಬಿದ್ದ ಹಾಗೆ. ಇಬ್ಬರನ್ನೂ ಒಂದೇ ವಯಸ್ಸಿಗೆ, ಒಂದೇ ತೂಕಕ್ಕೆ ತಂದು ನಿಲ್ಲಿಸಿದರೆ? ಬಸ್ಸಿನಲ್ಲಿ ಕೂತು ಎಷ್ಟು ಸಲ ಆಡಿಸಿದ್ದೇನೆ ಆ ಕುಸ್ತಿಯನ್ನು! ಒಂದು ದಿನ ಅಪ್ಪನನ್ನು ಗೆಲ್ಲಿಸುತ್ತಿದ್ದೆ, ಮಗಳ ಮೇಲೆ ಸಿಟ್ಟಿದ್ದರೆ. ಮಾರನೇ ದಿನ ಮಗಳನ್ನು.

ಹೋದ ವರ್ಷ ಮಗಳು ರಾಜ್ಯ ತಂಡದ ಆಯ್ಕೆಯಲ್ಲಿ ಫೈನಲ್ ತನಕ ಹೋಗಿ ಒಂದು ಪಾಯಿಂಟಿನಿಂದ ಸೋತಿದ್ದಳು. ಕಿರಿಯರ ವಿಭಾಗದಲ್ಲಿ ಅವಳಿಗೆ ಈ ವರ್ಷವೇ ಕೊನೆ. ಆಯ್ಕೆಯಾದರೆ ಶಿಬಿರ, ದೊಡ್ಡ ಕೋಚು, ಮುಂದೆ ಕ್ರೀಡಾ ಕೋಟಾದಲ್ಲಿ ಒಂದು ಸರ್ಕಾರಿ ಕೆಲಸ. ಆಗದಿದ್ದರೆ ದೊಡ್ಡವರ ವಿಭಾಗದಲ್ಲಿ ಹೊಸದಾಗಿ ಮೊದಲಿಂದ. ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವಳು ಬೇರೆ ಏನನ್ನೂ ಕೇಳಿರಲಿಲ್ಲ, ಬಟ್ಟೆ ಕೇಳಿರಲಿಲ್ಲ, ಸಿನಿಮಾ ಕೇಳಿರಲಿಲ್ಲ. ಆ ಆಯ್ಕೆಗೆ ಇನ್ನು ಒಂದು ತಿಂಗಳಿದೆ ಅನ್ನುವಾಗ ಅಪ್ಪನಿಗೆ ಲಕ್ವ ಹೊಡೆಯಿತು.

ಎಡಗೈ, ಎಡಗಾಲು ಪೂರ್ತಿ ಬಿದ್ದುಹೋದವು. ಬಾಯಿ ಸೊಟ್ಟಗಾಯಿತು. ಅದಕ್ಕಿಂತ ದೊಡ್ಡ ಸಂಕಟವೆಂದರೆ, ತಲೆಯೊಳಗೆ ಕಾಲವೆಲ್ಲಾ ಕಲಸಿಹೋಯಿತು. ನನ್ನನ್ನು ಕೆಲವೊಮ್ಮೆ ಅವ್ವನ ಹೆಸರಿಂದ ಕರೆಯುತ್ತಿದ್ದ. ಜಡೆಯಿಲ್ಲದ ಮಗಳನ್ನು ಯಾರೋ ಹುಡುಗ ಅಂದುಕೊಂಡು, "ಯಾರ್ಲಾ ನೀನು, ಯಾರ್ ಮಗ?" ಎಂದು ಕೇಳುತ್ತಿದ್ದ. ಬಲಗೈ ಮಾತ್ರ ಹಾಗೇ ಇತ್ತು. ಮಂಚದ ಪಟ್ಟಿ ಹಿಡಿದುಕೊಂಡರೆ ಬಿಡಿಸಲು ನಾವಿಬ್ಬರೂ ಬೇಕಾಗುತ್ತಿತ್ತು.

ಆ ಮೈಯನ್ನು ಎತ್ತುವವರು ಯಾರು? ನನ್ನ ಸೊಂಟ ಮೊದಲೇ ಹೋಗಿದೆ. ಬೀದಿಯ ಗಂಡಸರು ಮೊದಲ ವಾರ ಬಂದರು, ಆಮೇಲೆ ಅವರವರಿಗೆ ಅವರವರ ಕೆಲಸ. ಮಗಳೇ ಎತ್ತಿದಳು. ಬೆಳಿಗ್ಗೆ ಮಂಚದಿಂದ ಎಬ್ಬಿಸಿ ಬಚ್ಚಲಿಗೆ, ಬಚ್ಚಲಿಂದ ಕುರ್ಚಿಗೆ, ಸಂಜೆ ಮತ್ತೆ ಕುರ್ಚಿಯಿಂದ ಮಂಚಕ್ಕೆ. ಮೊದಲು ಅವನ ಬಲಗೈ ಹಿಡಿದು ಮುಂದಕ್ಕೆ ಎಳೆದುಕೊಂಡು, ತಾನು ಮಂಡಿ ಬಗ್ಗಿಸಿ, ಎದೆಗೆ ಎದೆ ಕೊಟ್ಟು, ಎರಡೂ ಕೈಯಲ್ಲಿ ಸೊಂಟ ಸುತ್ತಿ ಒಂದೇ ಉಸಿರಿಗೆ ಮೇಲಕ್ಕೆ. ಅವಳ ಎರಡರಷ್ಟು ಭಾರದ ಆಳು ಅವಳ ಭುಜದ ಮೇಲೆ ಗಲ್ಲ ಊರಿಕೊಂಡು ಎದ್ದು ನಿಲ್ಲುತ್ತಿದ್ದ.

"ಬೇಡ ಕಣೇ, ಸೆಲೆಕ್ಷನ್ ಹತ್ರ ಬಂದದೆ, ಏನಾದ್ರೂ ಆದ್ರೆ?" ಅಂದೆ ಒಂದು ದಿನ.

"ಇದೇ ಪ್ರಾಕ್ಟೀಸು ಬುಡಮ್ಮ. ನನ್ ತೂಕದೋರ್ನ ಎತ್ತೋದು ಈಗ ಹೂ ಎತ್ತಿದಂಗೆ," ಅಂದಳು.

ಅಪ್ಪನ ಹಳೆಯ ಜೊತೆಗಾರ ಒಬ್ಬರಿದ್ದರು, ಹನೂರಿನವರು. ಹುಡುಗರಾಗಿದ್ದಾಗಿನಿಂದ ಗರಡಿಯಲ್ಲಿ ಅಪ್ಪನ ಜೊತೆ ಅಭ್ಯಾಸ ಮಾಡಿದವರು. ನಾನು ಅವರನ್ನು ಮಾವ ಅನ್ನುತ್ತೇನೆ. ಸುದ್ದಿ ತಿಳಿದು ಬಸ್ಸು ಹತ್ತಿ ಬಂದರು. ಅಪ್ಪನ ಬಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೀವುತ್ತಾ ಕೂತಿದ್ದರು. ಹೋಗುವಾಗ ಚೀಲದಿಂದ ಒಂದು ಬಟ್ಟೆಗಂಟು ತೆಗೆದು ನನ್ನ ಕೈಗೆ ಕೊಟ್ಟರು.

"ಗರಡಿ ಮಟ್ಟಿ ಕಣವ್ವ. ಒಸಾದು. ದಿನಾ ಬಿದ್ದೋಗಿರೋ ಕೈಗೆ ಅಚ್ಚಿ ಉಜ್ಜು, ನರ ಸಡ್ಲ ಆಯ್ತದೆ. ನಮ್ಗೆಲ್ಲ ಇದೇ ಔಸ್ದಿ ಆಗಿತ್ತು."

ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ಆಸ್ಪತ್ರೆಯವರು ಹೇಳಿದ ವ್ಯಾಯಾಮವನ್ನು ಮಾಡಿಸಿದರೆ ಸಾಕು ಎಂದು ಗಂಟನ್ನು ಮೂಲೆಗೆ ಇಟ್ಟೆ. ಮಗಳು ಅದನ್ನು ಬಿಚ್ಚಿ ಮೂಸಿ ನೋಡಿದಳು. ಹುಟ್ಟಿದಾಗಿನಿಂದ ಅದೇ ಬೀದಿಯಲ್ಲಿದ್ದರೂ ಗರಡಿಯ ಮಟ್ಟಿಯನ್ನು ಅವಳು ಕೈಯಲ್ಲಿ ಹಿಡಿದದ್ದು ಅದೇ ಮೊದಲು. "ತಾತನ್ಗೆ ಈ ವಾಸ್ನೆ ಬಡುದ್ರೂ ಸಾಕಮ್ಮ, ಖುಸಿ ಆಯ್ತದೆ," ಅಂದಳು. ಅದರಲ್ಲಿ ತಪ್ಪೇನಿದೆ ಅಂತ ನಾನೂ ಸುಮ್ಮನಾದೆ.

ಮಾರನೇ ದಿನ ಭಾನುವಾರ. ನಾನು ಅಡುಗೆಮನೆಯಲ್ಲಿ ಅಪ್ಪನಿಗೆ ರಾಗಿ ಗಂಜಿ ಕಾಯಿಸುತ್ತಿದ್ದೆ. ಬಾಗಿಲಿಂದ ಮಂಚ ಕಾಣುತ್ತಿತ್ತು. ಮಗಳು ಅವನನ್ನು ಎಬ್ಬಿಸಿ ಕೂರಿಸಿ, ಎಡಭುಜದಿಂದ ಬೆರಳಿನ ತನಕ ಮಟ್ಟಿ ಹಚ್ಚಿ ಉಜ್ಜಿದಳು. ಅಪ್ಪನ ಮೂಗು ಅರಳಿತು. ಕಣ್ಣು ಬಿಟ್ಟು ಅವಳನ್ನೇ ನೋಡಿದ. ಆಮೇಲೆ ಬಲಗೈಯಲ್ಲಿ ಒಂದು ಹಿಡಿ ಮಟ್ಟಿ ತೆಗೆದು ಅವಳ ಭುಜಕ್ಕೆ ಹಾಕಿ ಸವರಿದ.

"ಅಮ್ಮಾ ನೋಡ್ಬಾ, ತಾತ ನನ್ಗೂ ಟ್ರೀಟ್ಮೆಂಟ್ ಕೊಡ್ತಾವ್ರೆ!" ಎಂದು ಕೂಗಿದಳು.

ನಾನು ಸೌಟು ಹಿಡಿದೇ ಬಾಗಿಲಿಗೆ ಬಂದು ನೋಡಿ ನಕ್ಕೆ. ಲಕ್ವ ಹೊಡೆದ ಮೇಲೆ ಅಪ್ಪ ತಾನಾಗಿಯೇ ಮಾಡಿದ ಮೊದಲ ಕೆಲಸ ಅದು. ಮಗಳು ದಿನದಂತೆ ಕೈ ಚಾಚಿದಳು. ಅಪ್ಪ ಆ ಕೈಯನ್ನು ಗಟ್ಟಿಯಾಗಿ ಹಿಡಿದು ಒಮ್ಮೆ ಕುಲುಕಿದ. ಅವಳು ಬಗ್ಗಿ, ಸೊಂಟಕ್ಕೆ ಕೈ ಸುತ್ತಿ, ಅವನನ್ನು ಎತ್ತಿದಳು. ಕಾಲೆರಡೂ ಒಂದು ಗಳಿಗೆ ನೆಲ ಬಿಟ್ಟು, ಅಪ್ಪ ಎದ್ದು ನಿಂತ.

ಅವನ ಬಲತೋಳು ಅವಳ ಎಡತೋಳಿನ ಮೇಲಿಂದ ಬಂದು ಕಂಕುಳಲ್ಲಿ ಸಿಕ್ಕಿಸಿಕೊಂಡಿತು. ನಾನು ಆಧಾರಕ್ಕೆ ಹಿಡಿದುಕೊಂಡ ಅಂದುಕೊಂಡೆ. ಅಪ್ಪನ ಕತ್ತಿನ ನರ ಉಬ್ಬಿತು. ಕ್ವಿಂಟಲ್ ಮೈ ಪೂರಾ ಆ ಕಡೆಗೆ ವಾಲಿತು.

"ತಾತ... ತಾತ, ಬುಡು. ತಾತ, ನಾನು ಕಣ್ ತಾತ," ಅಂದಳು. ದನಿಯಲ್ಲಿ ಗಾಬರಿ ಇರಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದಳು. ಆಮೇಲೆ ಬಲಗೈಯಿಂದ ಅವನ ಬೆನ್ನನ್ನು ಪಟಪಟ ತಟ್ಟಿದಳು. ಆಮೇಲೆ ಒಣ ಸೀಗೆಕಡ್ಡಿ ಮುರಿದಂಥ ಸದ್ದು ಬಂತು.

ಅವಳು ಕಿರುಚಲಿಲ್ಲ. ಬೆಳ್ಳಗೆ ಬಿಳಿಚಿಕೊಂಡು, ಹಲ್ಲು ಕಚ್ಚಿ, ಅವನನ್ನು ಹಾಗೇ ಹಿಂದಕ್ಕೆ ನೂಕಿಕೊಂಡು ಹೋಗಿ ಮಂಚದ ಮೇಲೆ ಕೂರಿಸಿ, ತಾನು ಗೋಡೆಗೆ ಒರಗಿ ಕುಸಿದಳು. ಮೊಣಕೈ ಬಾಗಬಾರದ ಕಡೆಗೆ ಬಾಗಿತ್ತು. ಅಪ್ಪ ಮಂಚದ ಮೇಲೆ ಕೂತು ಬಲಗೈಯಲ್ಲಿ ತೊಡೆ ತಟ್ಟಿದ. ಸೊಟ್ಟ ಬಾಯಲ್ಲಿ ನಕ್ಕ. ಎಷ್ಟು ವರ್ಷದ ಮೇಲೋ ಅವನು ಹಾಗೆ ನಕ್ಕದ್ದು.

ನಿನ್ನ ಕೈ ಸೇದ್ಹೋಗ ಎಂದು ಶಾಪ ಹಾಕಿದೆ, ಹೆತ್ತ ಅಪ್ಪನಿಗೆ. ಒಂದು ಕೈ ಆಗಲೇ ಸೇದಿಹೋಗಿತ್ತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನಿಗೆ ಒಂದೂ ಕೇಳಿಸಲಿಲ್ಲ, ಕೂತು ತೊಡೆ ತಟ್ಟುತ್ತಲೇ ಇದ್ದ.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ ಮೈಸೂರಿಗೆ ಕಳಿಸಿದರು. ಮೈಸೂರಿನ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಕೀಲು ಜಾರಿದೆ, ಮೂಳೆಯ ಚೂರು ಎದ್ದಿದೆ, ಕೀಲು ಹಿಡಿದಿರುವ ನಾರು ಹರಿದಿದೆ ಅಂದರು. ಆಪರೇಷನ್ ಆಯಿತು. ಕುಸ್ತಿ ಯಾವಾಗ ಆಡಬಹುದು ಎಂದು ಮಗಳು ಕೇಳಿದಾಗ ಅವರು ನನ್ನ ಮುಖ ನೋಡಿದರು. ಮೊದಲು ತಲೆ ಬಾಚಿಕೊಳ್ಳುವಂತಾಗಲಿ ಅಂದರು. ತಲೆಯಲ್ಲಿ ಬಾಚಲು ಕೂದಲೇ ಇಲ್ಲವಲ್ಲ ಡಾಕ್ಟ್ರೇ ಅಂದಳು ಮಗಳು. ಮೂವರೂ ನಗಲಿಲ್ಲ.

ಊರಿನ ಬಾಯಿಗೆ ಬೀಗ ಹಾಕುವವರು ಯಾರು? ನಾನು ಮತ್ತೆ ಸ್ಕೂಲಿಗೆ ಹೊರಟ ದಿನ ಟೀ ಅಂಗಡಿಯ ಬೆಂಚು ನನ್ನನ್ನು ಕಂಡು ಸುಮ್ಮನಾಯಿತು. ಬಸ್ಸು ಹತ್ತುವಾಗ ಬೆನ್ನ ಹಿಂದೆ ಕೇಳಿಸಿತು: "ನಾನೇಳ್ನಿಲ್ವಾ, ಮುದ್ಕನೇ ಗೆಲ್ಲಾದು ಅಂತ. ಮಟ್ಟಿ ಮುಂದೆ ಮ್ಯಾಟು ನಡಿಯಾಕಿಲ್ಲ ಕಣ್ಲಾ." ಇಳಿದು ಹೋಗಿ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಸ್ಸು ಹೊರಟಿತು. ಮತ್ತೆ, ಅವನು ಹೇಳಿದ್ದು ಸುಳ್ಳು ಅನ್ನಲು ನನ್ನ ಹತ್ತಿರ ಏನಿತ್ತು? ನಾನೇ ಕಣ್ಣಾರೆ ನೋಡಿದ್ದೆ. ಭಾರದ ಮುಂದೆ ಅವಳ ಚುರುಕು ಏನೂ ನಡೆಯಲಿಲ್ಲ, ಪಾಪ ಸಣ್ಣ ಮೈ, ಸಿಕ್ಕಿಹಾಕಿಕೊಂಡಳು ಅಂತಲೇ ನಾನೂ ತಿಳಿದಿದ್ದೆ.

ಆಯ್ಕೆಯ ದಿನ ಅವಳು ಬೆಳಿಗ್ಗೆ ಬೇಗ ಎದ್ದು, ಸ್ನಾನ ಮಾಡಿ, ತೂಕದ ಮೆಷಿನ್ ಮೇಲೆ ಹತ್ತಿ ನಿಂತಳು. ಪ್ಲಾಸ್ಟರನ್ನೂ ಸೇರಿಸಿ ಎಷ್ಟು ಬಂತೋ ನನಗೆ ಹೇಳಲಿಲ್ಲ. ಇಳಿದು ಮೆಷಿನ್ನನ್ನು ಮಂಚದ ಕೆಳಗೆ ಕಾಲಿಂದ ತಳ್ಳಿದಳು. ಮಧ್ಯಾಹ್ನ ಅವಳ ಜೊತೆ ಕಲಿಯುತ್ತಿದ್ದ ಹೊನ್ನೂರಿನ ಹುಡುಗಿಯೊಬ್ಬಳು ಫೋನು ಮಾಡಿ, ಆಯ್ಕೆಯಾದವಳು ಯಾರೆಂದು ಹೇಳಿದಳು. ಅಭ್ಯಾಸದಲ್ಲಿ ನಮ್ಮವಳ ಕೈಯಲ್ಲಿ ದಿನಾ ಬೀಳುತ್ತಿದ್ದವಳೇ. "ಒಳ್ಳೇದಾಯ್ತು ಬುಡೇ, ಪಾಪ ಅವಳೂ ಕಷ್ಟಪಟ್ಟವ್ಳೆ," ಅಂದು ಫೋನು ಇಟ್ಟು, ಮೂರು ಮುದ್ದೆ ಉಂಡಳು. ಅವಳಿಗೆ ಹಸಿವು ಇರಲಿಲ್ಲ, ಇನ್ನು ತೂಕದ ಹಂಗಿಲ್ಲ ಎಂದು ತನಗೇ ತೋರಿಸಿಕೊಳ್ಳುತ್ತಿದ್ದಳು.

ಹನೂರಿನ ಮಾವನಿಗೆ ವಿಷಯ ತಿಳಿದದ್ದು ತಡವಾಗಿ. ಬಂದವರೇ ಜಗಲಿಯಲ್ಲಿ ಟವಲು ಬಾಯಿಗೆ ಅಡ್ಡ ಹಿಡಿದು ಅತ್ತರು.

"ಅದು ಅಂಗಲ್ಲ ಕಣವ್ವ. ನಾನು ನೀನ್ ಉಜ್ತೀಯ ಅನ್ಕಂಡಿದ್ದೆ. ಪೈಲ್ವಾನ್ ಮೈಗೆ ಎದುರು ನಿಂತೋರು ಮಟ್ಟಿ ಆಕುದ್ರೆ, ಅವ್ನೂ ತಿರುಗ್ಸಿ ಆಕಿ ಕೈ ಕೊಟ್ರೆ, ಕುಸ್ತಿ ಸುರು ಅಂತ. ವಿಸಿಲ್ಲು ಗಿಸಿಲ್ಲು ಒಂದೂ ಇಲ್ಲ. ಅದಾದ್ಮೇಕೆ ಮಗ ಅನ್ನಾದಿಲ್ಲ, ಅಣ್ಣ ಅನ್ನಾದಿಲ್ಲ. ಇಷ್ಟ್ ವರ್ಸ ಪೈಲ್ವಾನ್ರ ಮನೇಲಿದ್ದೀರ, ಇದ್ ಗೊತ್ತಿಲ್ವ ನಿಮ್ಗೆ?"

"ಎಲ್ಲಿಂದ ಗೊತ್ತಾಗ್ಬೇಕು ಮಾವ?" ಅಂದೆ. "ಒಸ್ಲು ತುಳಿಯಕ್ಕೆ ಬುಟ್ಟಿದ್ರಾ ನಮ್ಮನ್ನ? ಆಚೆ ನಿಂತು ಆಲು ಕೊಟ್ಟು ಬತ್ತಿದ್ದೋರು ನಾವು. ಬೆವ್ರಿಗೆ ಜಾರ್ಬಾರ್ದು ಅಂತ ಮಣ್ ಆಕ್ಕತಾರೆ ಅನ್ಕಂಡಿದ್ದೆ, ಅಷ್ಟೇಯ."

ಮಾವ ಕಣ್ಣೊರೆಸಿಕೊಂಡು ಒಳಗೆ ಹೋಗಿ ಅಪ್ಪನ ಪಕ್ಕ ಕೂತರು. ಮಗಳು ಬಾಗಿಲ ಹತ್ತಿರ ಕಾಲು ಚಾಚಿಕೊಂಡು, ಒಂದೇ ಕೈಯಲ್ಲಿ ಅವರೆಕಾಯಿ ಸುಲಿಯಲು ಹೆಣಗುತ್ತಿದ್ದಳು. ಪ್ಲಾಸ್ಟರು ಬಿಚ್ಚಿದ್ದರು, ಆದರೆ ಕೈ ಬಾಗಿದಂತೆಯೇ ನಿಂತುಬಿಟ್ಟಿತ್ತು. ಅಪ್ಪ ಆ ದಿನ ಸ್ವಲ್ಪ ಗೆಲುವಾಗಿದ್ದ. ಮಾವನನ್ನು ಗುರುತು ಹಿಡಿದ.

"ಕುಸ್ತಿ ಆಡ್ದೆ ಕಣ್ಲಾ ಮೊನ್ನೆ," ಅಂದ. ನಾಲಿಗೆ ತೊದಲುತ್ತಿತ್ತು, ಆದರೂ ತಿಳಿಯುತ್ತಿತ್ತು.

ಮಾವ ನನ್ನ ಕಡೆ ನೋಡಿದರು. ಆಮೇಲೆ ಮೆಲ್ಲಗೆ, "ಯಾರ್ ಜೊತೇಲ್ಲಾ?" ಅಂದರು.

"ಗೊತ್ತಿಲ್ಲ. ಒಸ ಉಡ್ಗ. ಸಣ್ಕಿದ್ದ. ತೂಕ ಇಲ್ಲ ಅವನ್ತಾವು."

"ಬೀಗ ಆಕ್ದ?"

"ಆಕ್ದೆ. ಕೈ ಓಯ್ತು ಅವನ್ದು." ಅಪ್ಪನ ಮುಖದಲ್ಲಿ ಮೊದಲಿನ ನಗು ಇರಲಿಲ್ಲ. "ಆದ್ರೆ ಗೆದ್ದಿದ್ದು ನಾನಲ್ಲ ಕಣ್ಲಾ."

"ಅದೆಂಗೆ?"

"ಸೊಂಟ ಸಿಕ್ಕಿತ್ತು ಅವನ್ಗೆ. ಪೂರಾ ಎತ್ತಿದ್ದ ನನ್ನ. ಕಾಲೆಲ್ಡೂ ನೆಲ ಬುಟ್ಟಿದ್ದೊ. ಬೀಗ ಬಿಗಿಯಕ್ಕೆ ಮುಂಚೆ ಇಂಗೆ ಒಂದ್ಕಿತ ತಿರುಗ್ಸಿದ್ರೆ ಮುಗ್ದೋಗದು, ನಾನ್ ಚಿತ್ತು. ಅವನ್ಗೆ ಗೊತ್ತಿತ್ತು ಕಣ್ಲಾ, ಮೈಯ್ಯಲ್ಲಿ ಗೊತ್ತಾಯ್ತದಲ್ಲ, ತಿರುಗ್ಸಕ್ಕೆ ಕಾಲೂ ಇಟ್ಟಿದ್ದ. ಇಟ್ಟು ನಿಲ್ಲುಸ್ಬುಟ್ಟ. ಕೈ ಮುರುಸ್ಕಂಡ, ನನ್ನ ಬೀಳುಸ್ನಿಲ್ಲ." ಅಪ್ಪ ತಲೆ ಅಲ್ಲಾಡಿಸಿದ. "ಅಂತಾ ಪಟ್ಟು ನಾನ್ ನೋಡೇ ಇಲ್ಲ. ಯಾಕ್ ಬುಟ್ಟ ಅನ್ನದೇ ತಿಳಿನಿಲ್ಲ ಕಣ್ಲಾ."

ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು. ನಾನು ಮಗಳ ಕಡೆ ತಿರುಗಿದೆ. ಅವಳು ತಾತನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು.

"ಔದೇನೇ?" ಅಂದೆ. "ಬೀಳುಸ್ಬೋದಾಗಿತ್ತಾ ನೀನು?"

ಅವಳು ಮೊರದೊಳಗಿನ ಕಾಳನ್ನು ಒಂದೇ ಕೈಯಲ್ಲಿ ಸವರುತ್ತಾ ಕೂತಿದ್ದಳು.

"ಕೆಳ್ಗೆ ಚಪ್ಪಡಿ ಕಲ್ಲಿತ್ತಲ್ಲಮ್ಮ," ಅಂದಳು.

ಅಪ್ಪನನ್ನು ಕುರ್ಚಿಯಿಂದ ಮಂಚಕ್ಕೆ ಸಾಗಿಸುವ ಹೊತ್ತಾಗಿತ್ತು. ಮಾವ ಒಂದು ಕಡೆ ಹಿಡಿದರು, ಅವಳು ಇನ್ನೊಂದು ಕಡೆ. ಎಡಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡು, ಬಲಗೈಯೊಂದರಲ್ಲೇ ಅವನ ಸೊಂಟ ಸುತ್ತಿ ಎತ್ತಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಗಟ್ಟಿಯಾಗಿ ಅತ್ತೆ.